ಪಟ್ಟಿಯ ಮೊದಲ ಸಾಲು

ಪಾದರಸದ ಕಥೆಯನ್ನು ಓದುವವರು ಬೇಕಾದರೆ ಕೂತು ಓದಲಿ. ಅವಳನ್ನೇ ಎದುರಿಗೆ ಕೂರಿಸಿಕೊಂಡು ಕೇಳುತ್ತೇನೆ ಅಂದರೆ ಮಾತ್ರ ಅದು ಆಗದ ಮಾತು. ಮೂರನೇ ತರಗತಿಯಲ್ಲಿ ಟೀಚರೊಬ್ಬರು ಬೇಸತ್ತು ಇಟ್ಟ ಹೆಸರು ಅದು. ನಲವತ್ತಾರು ತುಂಬಿ ಮುಂದಲೆ ಬೆಳ್ಳಗಾದರೂ ಹೆಸರು ಮಾತ್ರ ಬಿಟ್ಟುಹೋಗಿರಲಿಲ್ಲ, ಅವಳ ಚಾಳಿಯೂ ಬಿಟ್ಟಿರಲಿಲ್ಲ. ಹಲ್ಲುಜ್ಜುತ್ತಾ ಮೆಟ್ಟಿಲಿಳಿದು ಬೀದಿಬಾಗಿಲಿನ ತನಕ ಹೋಗಿಬರುತ್ತಿದ್ದಳು. ಬಸ್ಸಿಗೆ ಕಾಯಲಾರದೆ ಮುಂದಿನ ನಿಲ್ದಾಣಕ್ಕೆ ನಡೆದುಬಿಡುತ್ತಿದ್ದಳು. ಎರಡು ನಿಲ್ದಾಣಗಳ ನಡುವೆ ಇರುವಾಗ ಬಸ್ಸು ಪಕ್ಕದಲ್ಲೇ ಹಾದುಹೋದರೆ ತಪ್ಪೆಲ್ಲ ಡ್ರೈವರನದ್ದೇ ಎಂಬಂತೆ ಅವನಿಗೆ ಬಯ್ಯುತ್ತಿದ್ದಳು.

ಕೆಲಸದ ವಿಷಯದಲ್ಲೂ ಹಾಗೆಯೇ. ಕಾಲೇಜು ಮುಗಿಸಿದ ಹತ್ತು ವರ್ಷದಲ್ಲಿ ಏಳು ಕಡೆ ಪ್ರೋಗ್ರಾಂ ಬರೆದು ಏಳು ಕಡೆಯೂ ಬಿಟ್ಟಳು. ಒಂದು ಕಡೆ ಕಿಟಕಿ ಇಲ್ಲವೆಂದು, ಇನ್ನೊಂದು ಕಡೆ ಕುರ್ಚಿಗೆ ಚಕ್ರವಿಲ್ಲವೆಂದು, ಮತ್ತೊಂದು ಕಡೆ ಏನೂ ಕಾರಣವಿಲ್ಲದೆ. ಮದುವೆಯ ಮಾತು ಎರಡು ಸಲ ಬಂತು. ಗಂಡಿನವರು ಬಂದು ಕೂತಾಗ ಇವಳು ಒಳಗೂ ಹೊರಗೂ ಹದಿನಾಲ್ಕು ಸಲ ತಿರುಗಿದ್ದನ್ನು ನೋಡಿಯೇ ಅವರಿಗೆ ತಲೆಸುತ್ತು ಬಂದಿರಬೇಕು. ಎಂಟನೆಯ ಕೆಲಸದಲ್ಲಿ ಮಾತ್ರ ಹದಿನಾಲ್ಕು ವರ್ಷ ನೆಲೆ ನಿಂತಳು. ಅದಕ್ಕೆ ಕಾರಣ ಅವಳ ಅಕ್ಕ.

ಅಕ್ಕ ಇವಳಿಗಿಂತ ನಾಲ್ಕು ವರ್ಷ ದೊಡ್ಡವಳು. ಒಂಬತ್ತನೇ ವಯಸ್ಸಿನಲ್ಲಿ ಬಂದ ಜ್ವರ ಅವಳ ಬಲಗಿವಿಯನ್ನು ಪೂರ್ತಿ ತಿಂದು, ಎಡಗಿವಿಯಲ್ಲಿ ಅರ್ಧದಷ್ಟು ಬಿಟ್ಟು ಹೋಗಿತ್ತು. ಕಿವಿ ಡಾಕ್ಟರು ಆಗಲೇ ಹೇಳಿದ್ದರು: "ಎಡಗಡೆ ಉಳಿದಿರೋದು ಇಷ್ಟೇ ಅಮ್ಮ. ಇದೂ ಹೋದ್ರೆ ಮತ್ತೆ ಹುಟ್ಟಲ್ಲ. ಜೋಪಾನವಾಗಿ ಇಟ್ಕೋಬೇಕು." ಆ ಅರ್ಧ ಕಿವಿಗೊಂದು ಯಂತ್ರ ಸಿಕ್ಕಿಸಿಕೊಂಡು, ಎದುರಿನವರ ತುಟಿ ಓದಿಕೊಂಡು ಅಕ್ಕ ಐವತ್ತನ್ನು ಮುಟ್ಟಿದ್ದಳು. ಅಪ್ಪ ಅಮ್ಮ ಹೋದ ಮೇಲೆ ಇದ್ದದ್ದು ಇಬ್ಬರೇ, ಎರಡು ಕೋಣೆಯ ಮನೆಯಲ್ಲಿ.

ಹದಿನಾಲ್ಕು ವರ್ಷದ ಹಿಂದೆ ಹಳೆಯ ಯಂತ್ರ ಕೆಟ್ಟಿತೆಂದು ಅಕ್ಕತಂಗಿಯರು ಶ್ರವಣಯಂತ್ರ ತಯಾರಿಸುವ ಕಂಪನಿಗೇ ನೇರವಾಗಿ ಹೋಗಿದ್ದರು. ಕಂಪನಿ ಎಂದರೆ ಮೂರು ಮಹಡಿ, ನಲವತ್ತು ಜನ. ಯಜಮಾನರೇ ಎದ್ದು ಬಂದು ತಮ್ಮ ಹೊಸ ಯಂತ್ರವನ್ನು ಅಕ್ಕನಿಗೆ ಕೊಟ್ಟು, ಹೇಗಿದೆ ಅಂದರು. ಅಕ್ಕ ಹತ್ತು ನಿಮಿಷ ಆ ಕಟ್ಟಡದಲ್ಲೆಲ್ಲ ಓಡಾಡಿ ಬಂದು, "ನಲ್ಲಿ ಬಿಡೋದು ಕೇಳ್ಸುತ್ತೆ, ನಿಲ್ಲಿಸೋದು ಕೇಳ್ಸಲ್ಲ. ಶಬ್ದ ನಿಂತ ಮೇಲೂ ಒಳಗೆ ಏನೋ ಸುರೀತಾನೇ ಇರುತ್ತೆ" ಅಂದಳು. ಯಜಮಾನರ ಎಂಜಿನಿಯರುಗಳು ಆರು ತಿಂಗಳಿಂದ ಹುಡುಕುತ್ತಿದ್ದ ದೋಷ ಅದು. ಅವರು ಅಲ್ಲೇ ಅಕ್ಕನನ್ನು ಯಂತ್ರ ಹಾಕಿಕೊಂಡು ಕೇಳಿ ನೋಡುವ ಕೆಲಸಕ್ಕೆ, ತಂಗಿಯನ್ನು ಪ್ರೋಗ್ರಾಂ ಕೆಲಸಕ್ಕೆ ಇಟ್ಟುಕೊಂಡರು. ತಂಗಿಗೆ ಕೆಲಸ ಸಿಕ್ಕಿದ್ದು ಅಕ್ಕನ ಕಿವಿಯ ದೆಸೆಯಿಂದ ಎಂದು ಆಫೀಸಿನಲ್ಲಿ ತಮಾಷೆ ಮಾಡುತ್ತಿದ್ದರು. ತಮಾಷೆಯೇನು, ಅದು ನಿಜವೇ ಆಗಿತ್ತು.

ಕೆಳಮಹಡಿಯಲ್ಲಿ ಬೆಸುಗೆ ಹಾಕುವ ಹೆಂಗಸರು ಭೂತಗನ್ನಡಿಯಡಿ ತಲೆ ಬಗ್ಗಿಸಿ ಕೂತಿರುತ್ತಿದ್ದರು. ನಡುವಿನ ಮಹಡಿ ಅಳತೆಯದು. ಗಾಜಿನ ಗೋಡೆಯ ಕೋಣೆಯಲ್ಲಿ ದಪ್ಪ ಮುಚ್ಚಳದ ಪೆಟ್ಟಿಗೆಯೊಂದಿತ್ತು. ಯಂತ್ರವನ್ನು ಅದರೊಳಗಿಟ್ಟು ಮುಚ್ಚಳ ಹಾಕಿದರೆ ತಾನೇ ಶಬ್ದ ಮಾಡಿ, ತಾನೇ ಅಳೆದು, ಕಾಗದದ ಮೇಲೆ ಹಸಿರು ಗುರುತು ಹಾಕಿ ಕೊಡುತ್ತಿತ್ತು. ಆ ಕೋಣೆಯ ಒಡೆಯರನ್ನು ಎಲ್ಲರೂ ಅಳತೆಯವರು ಎನ್ನುತ್ತಿದ್ದರು. ಪೆಟ್ಟಿಗೆ ಏನು ಹೇಳಿತೋ ಅದೇ ಸತ್ಯ ಎಂದು ನಂಬಿ ಬಾಳಿದ ಮನುಷ್ಯ. ಮೇಲಿನ ಮಹಡಿ ಪ್ರೋಗ್ರಾಮಿನವರದು. ಅಲ್ಲಿ ಎಲ್ಲರ ಕುರ್ಚಿಯೂ ಇದ್ದಲ್ಲೇ ಇರುತ್ತಿತ್ತು, ಪಾದರಸದ ಕುರ್ಚಿಯೊಂದನ್ನು ಬಿಟ್ಟು.

ಅಳತೆ ಕೋಣೆಯ ಬಾಗಿಲ ಪಕ್ಕ ಮೊಳೆಗೆ ದಾರ ಕಟ್ಟಿ ಒಂದು ಉದ್ದನೆಯ ಪುಸ್ತಕ ನೇತುಹಾಕಿದ್ದರು. ಕಿವಿ ಪುಸ್ತಕ ಎಂದು ಅದರ ಹೆಸರು. ಹೊಸ ಯಂತ್ರ ಹಾಕಿಕೊಂಡು ತನಗೆ ಕೇಳಿಸಿದ್ದನ್ನು ಅಕ್ಕ ಎಡಪುಟದಲ್ಲಿ ಬರೆಯಬೇಕು. ಪ್ರೋಗ್ರಾಮಿನ ಕಡೆಯವರು ಬಲಪುಟದಲ್ಲಿ ಉತ್ತರ ಬರೆದು ಸಹಿ ಹಾಕಬೇಕು. ಬಲಪುಟ ತುಂಬದೆ ಒಂದು ಯಂತ್ರವೂ ಕಟ್ಟಡದಿಂದ ಆಚೆ ಹೋಗುವಂತಿಲ್ಲ. ಇದು ಯಜಮಾನರೇ ಮಾಡಿದ ಕಟ್ಟಳೆ. ಕಳೆದ ಐದು ವರ್ಷದಿಂದ ಆ ಬಲಪುಟದ ಸಹಿ ಪಾದರಸದ್ದು.

ಯಾಕೆಂದರೆ ಬಿಲ್ಡಿನ ಜವಾಬ್ದಾರಿ ಅವಳದು. ಬಿಲ್ಡ್ ಅಂದರೆ ನೂರಾರು ಫೈಲುಗಳಲ್ಲಿ ಹರಡಿಕೊಂಡಿರುವ ಪ್ರೋಗ್ರಾಮನ್ನು ಒಟ್ಟುಮಾಡಿ, ಆ ಪುಟಾಣಿ ಯಂತ್ರದೊಳಗೆ ಕೂರುವ ಹಾಗೆ ಒಂದೇ ಗಂಟು ಕಟ್ಟುವುದು. ಎಲ್ಲರಿಗೂ ಬೇಕಾಗುವ ಒಪ್ಪಂದಗಳು, ಅಂದರೆ ಶಬ್ದ ಎಷ್ಟರವರೆಗೆ ಏರಬಹುದು, ಬ್ಯಾಟರಿ ಎಷ್ಟಕ್ಕಿಳಿದರೆ ಎಚ್ಚರಿಸಬೇಕು, ಇಂಥವು ಹೆಡರ್ ಎಂಬ ಫೈಲುಗಳಲ್ಲಿರುತ್ತವೆ. ಪ್ರೋಗ್ರಾಂ ಬರೆದವನು ತನ್ನ ಫೈಲಿನ ತಲೆಯಲ್ಲಿ ‘ಮಿತಿ ಹೆಡರ್ ತಗೊಂಡು ಬಾ’ ಎಂದಷ್ಟೇ ಬರೆದಿರುತ್ತಾನೆ. ಹೆಸರು ಮಾತ್ರ, ವಿಳಾಸ ಇಲ್ಲ. ಅದು ಎಲ್ಲಿದೆ ಎಂದು ಹುಡುಕಬೇಕಾದ್ದು ಆ ಗಂಟು ಕಟ್ಟಿಕೊಡುವ ಕಂಪೈಲರ್ ಎಂಬ ಪ್ರೋಗ್ರಾಮು. ಯಾವ ಯಾವ ಫೋಲ್ಡರಿನಲ್ಲಿ ಯಾವ ಕ್ರಮದಲ್ಲಿ ಹುಡುಕಬೇಕು ಎಂಬ ಪಟ್ಟಿಯನ್ನು ಬರೆದಿಡುವುದು ಪಾದರಸದ ಕೆಲಸ. ಮನೆಯಲ್ಲಿ ಕತ್ತರಿ ತಗೊಂಡು ಬಾ ಅಂದರೆ ಮೊದಲು ಹೊಲಿಗೆ ಡಬ್ಬಿ, ಆಮೇಲೆ ಮೇಜಿನ ಖಾನೆ, ಆಮೇಲೆ ಅಡುಗೆಮನೆ ನೋಡುತ್ತೇವಲ್ಲ, ಹಾಗೆ. ಮೊದಲು ಯಾವುದು ಕೈಗೆ ಸಿಕ್ಕಿತೋ ಅದನ್ನೇ ತರುತ್ತೇವೆ. ಕಂಪೈಲರೂ ಮೊದಲು ಸಿಕ್ಕಿದ್ದನ್ನು ಎತ್ತಿಕೊಂಡು ಬರುತ್ತದೆ, ಮುಂದೆ ನೋಡುವುದಿಲ್ಲ, ಇದೇನಾ ನಿಮಗೆ ಬೇಕಾಗಿದ್ದು ಎಂದು ಕೇಳುವುದೂ ಇಲ್ಲ.

ಹಾಗಾಗಿ ಪಟ್ಟಿಯ ವಿಷಯದಲ್ಲಿ ಪಾದರಸ ಮಹಾ ಬಿಗಿ. ಯಾರಾದರೂ ಬಂದು "ಒಂದು ಫೋಲ್ಡರ್ ಸೇರಿಸಿ ಮೇಡಂ" ಅಂದರೆ, "ಯಾರ ಮುಂದೆ, ಯಾರ ಹಿಂದೆ?" ಎಂದು ಕೇಳುತ್ತಿದ್ದಳು. ಎಲ್ಲೋ ಒಂದು ಕಡೆ ಹಾಕಿ ಅಂದವನ ಜನ್ಮ ಜಾಲಾಡುತ್ತಿದ್ದಳು. "ಕ್ಯೂನಲ್ಲಿ ನುಗ್ಗೋರ ಹಾಗೆ ನುಗ್ಗಿಸ್ಬೇಡ್ರಪ್ಪ! ಮೇಲಿದ್ದೋನೇ ಇಲ್ಲಿ ರಾಜ!" ಎಂದು ಅವಳು ಕಾರಿಡಾರಿನಲ್ಲಿ ಕೂಗಿದರೆ ಎರಡು ಮಹಡಿ ಕೆಳಗಿನ ಬೆಸುಗೆಯವರೂ ನಗುತ್ತಿದ್ದರು. ಬೇರೆಯವರಿಗೆ ಬುದ್ಧಿ ಹೇಳುವಾಗ ನಮಗೆಲ್ಲ ಎಷ್ಟು ಚೆನ್ನಾಗಿ ತಿಳಿದಿರುತ್ತದೆ!

ಇಷ್ಟು ತಿಳಿದವಳೇ ಆರು ವಾರದ ಹಿಂದೆ ಎಡವಿದ್ದು. ಕಂಪನಿಯಲ್ಲಿ ಎರಡು ಮಾದರಿಗಳಿದ್ದವು. ಹೆಚ್ಚೂಕಡಿಮೆ ಏನೂ ಕೇಳಿಸದವರಿಗಾಗಿ ಮಾಡಿದ್ದು ದೊಡ್ಡದು. ಅದರ ಶಬ್ದದ ಮಿತಿ ನೂರಮೂವತ್ತೆರಡು ಡೆಸಿಬಲ್. ಅಕ್ಕನಂತೆ ಅರ್ಧಂಬರ್ಧ ಕೇಳಿಸುವವರಿಗೆ, ಶಾಲೆಯ ಮಕ್ಕಳಿಗೆ ಎಂದು ಹೊಸದಾಗಿ ಮಾಡುತ್ತಿದ್ದದ್ದು ಸಣ್ಣದು; ಅದರ ಮಿತಿ ನೂರಹನ್ನೆರಡು. ಎರಡಕ್ಕೂ ಬೇರೆ ಬೇರೆ ಫೋಲ್ಡರು, ಎರಡರೊಳಗೂ ‘ಮಿತಿ’ ಎಂಬ ಒಂದೇ ಹೆಸರಿನ ಹೆಡರು. ಅವತ್ತು ಕೊಳ್ಳುವವರು ಕೆಳಗೆ ಬಂದು ಕೂತಿದ್ದರು. ಸಣ್ಣದರ ಬಿಲ್ಡು ಬ್ಯಾಟರಿಯ ಹೆಡರು ಸಿಗಲಿಲ್ಲವೆಂದು ನಿಂತುಹೋಯಿತು. ಯಜಮಾನರು ಇವಳ ಕುರ್ಚಿಯ ಬೆನ್ನು ಹಿಡಿದು ನಿಂತು, "ಆಯ್ತಾ? ಆಯ್ತಾ?" ಅನ್ನುತ್ತಿದ್ದರು. ಬೇಕಾದ ಹೆಡರು ದೊಡ್ಡದರ ಫೋಲ್ಡರಿನಲ್ಲಿತ್ತು. ಪಾದರಸ ದೊಡ್ಡದರ ಫೋಲ್ಡರನ್ನು ಸಣ್ಣದರ ಪಟ್ಟಿಗೆ ಸೇರಿಸಿದಳು, ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ. ಯಾಕೆ ಮೇಲೆ? ಕರ್ಸರ್ ಅಲ್ಲೇ ಮಿಣುಕುತ್ತಿತ್ತು. ಕೆಳಗಿನ ಸಾಲಿಗೆ ಹೋಗಲು ಬೇಕಾಗಿದ್ದದ್ದು ಒಂದೇ ಒಂದು ಕೀಲಿ.

ಬಿಲ್ಡ್ ಆಯಿತು. ಯಜಮಾನರು ಭುಜ ತಟ್ಟಿದರು. ಸಂಜೆ ಸರಿಮಾಡುತ್ತೇನೆ ಎಂದುಕೊಂಡು ಅವಳು ಎದ್ದಳು. ಸಂಜೆ ಸರಿಮಾಡುತ್ತೇನೆ ಎನ್ನುವುದು ಲೋಕದ ಎಲ್ಲ ಕಸುಬಿನವರೂ ತಮಗೆ ತಾವೇ ಹೇಳಿಕೊಳ್ಳುವ ಸುಳ್ಳು. ಸಂಜೆಯ ಹೊತ್ತಿಗೆ ಅವಳ ಕಾಲು ಅವಳನ್ನು ಇನ್ನೆಲ್ಲಿಗೋ ಎಳೆದುಕೊಂಡು ಹೋಗಿತ್ತು.

ಎರಡು ವಾರ ಕಳೆದು ಸಣ್ಣದರ ಮೊದಲ ಯಂತ್ರ ಅಕ್ಕನ ಕಿವಿಗೆ ಬಂತು. ಅವತ್ತೇ ಅಕ್ಕ ಎಡಪುಟದಲ್ಲಿ ಬರೆದಳು: ‘ಜೋರು. ಪಾತ್ರೆ ಬಿದ್ದರೆ ಕಿವಿಯೊಳಗೇ ಹೊಡೆದ ಹಾಗಾಗುತ್ತದೆ.’ ಅಳತೆಯವರು ಯಂತ್ರವನ್ನು ಪೆಟ್ಟಿಗೆಯೊಳಗಿಟ್ಟರು. ಕಾಗದ ಬಂತು: ಮಿತಿಯ ಶೇಕಡಾ ತೊಂಬತ್ತೆಂಟು, ಹಸಿರು ಗುರುತು. ಪಾದರಸ ಬಲಪುಟದಲ್ಲಿ ‘ಅಳತೆ ಸರಿ ಇದೆ’ ಎಂದು ಬರೆದು ಸಹಿ ಹಾಕಿದಳು. ವಾರದ ನಂತರ ಅಕ್ಕ ಮತ್ತೆ ಬರೆದಳು: ‘ಜೋರು. ತೆಗೆದ ಮೇಲೂ ಗುಂಯ್ ಅನ್ನುತ್ತದೆ.’ ಮತ್ತೆ ಪೆಟ್ಟಿಗೆ, ಮತ್ತೆ ಹಸಿರು. ಬಲಪುಟದಲ್ಲಿ ಈ ಸಲ: ‘ದೂರಿಗೆ ಆಧಾರ ಕಾಣುತ್ತಿಲ್ಲ.’ ಮೂರನೆಯ ಸಲ ಅಕ್ಕ ಬರೆದದ್ದಕ್ಕೂ ಅದೇ ಉತ್ತರ, ಅದೇ ಸಹಿ; ಅಳತೆಯವರು ಕಾಗದವನ್ನು ಅಕ್ಕನ ಮುಂದೆ ಹಿಡಿದು, ಚಿಕ್ಕ ಮಗುವಿಗೆ ಹೇಳುವ ಹಾಗೆ ತುಟಿ ಬಿಡಿಸಿ ಬಿಡಿಸಿ, "ಎಲ್ಲಾ ಸರಿ ಇದೆಯಮ್ಮ" ಅಂದರು. ಯಜಮಾನರು ಪಾದರಸವನ್ನು ಪಕ್ಕಕ್ಕೆ ಕರೆದು, "ಅಕ್ಕನ ಕಿವಿಗೂ ವಯಸ್ಸಾಯ್ತೇನೋ ನೋಡು" ಅಂದರು. ಅವಳಿಗೆ ಮೈಯೆಲ್ಲ ಉರಿಯಿತು, ಯಜಮಾನರ ಮೇಲಲ್ಲ, ಅಕ್ಕನ ಮೇಲೆ. ಎಲ್ಲರೆದುರು ಯಾಕೆ ಹೀಗೆ ಹಟ ಮಾಡುತ್ತಾಳೆ ಎಂದು.

ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು. "ಯಂತ್ರ ಸರಿ ಇದೆ ಅಕ್ಕ. ಮೂರು ಸಲ ಅಳೆದಾಯ್ತು. ನೀನು ಹಳೇದಕ್ಕೆ ಒಗ್ಗಿಹೋಗಿದೀಯ, ಅದಕ್ಕೇ ಹೀಗೆ. ತೆಗೆದಿಡ್ಬೇಡ, ಹಾಕ್ಕೊಂಡೇ ಇರು. ಅಭ್ಯಾಸ ಆಗುತ್ತೆ."

ಅಕ್ಕ ಅವಳ ತುಟಿಯನ್ನೇ ನೋಡುತ್ತಾ ನಿಂತಿದ್ದಳು. "ನೀನು ಹೇಳ್ತೀಯ ಅಂದ್ರೆ ಸರಿ" ಅಂದಳು. ಅಷ್ಟೇ. ಅವತ್ತಿನಿಂದ ಪುಸ್ತಕದಲ್ಲಿ ಏನೂ ಬರೆಯಲಿಲ್ಲ, ಬೆಳಗಿನಿಂದ ಸಂಜೆಯವರೆಗೆ ಯಂತ್ರ ತೆಗೆಯಲೂ ಇಲ್ಲ. ತಂಗಿಯ ಮಾತನ್ನು ಅಕ್ಕ ಅಷ್ಟು ನಂಬುತ್ತಿದ್ದಳು. ಪಾದರಸ ಗೆದ್ದೆ ಎಂದುಕೊಂಡಳು. ಆದರೂ ಆಫೀಸಿನಲ್ಲಿ ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಮತ್ತೆ ಮೇಜಿಗೆ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗುತ್ತಿದ್ದಳು. ಏನು ಮೇಡಂ ಅಂದವರಿಗೆ ಏನಿಲ್ಲ ಅನ್ನುತ್ತಿದ್ದಳು. ಏನೆಂದು ಅವಳಿಗೇ ಗೊತ್ತಿದ್ದರೆ ತಾನೇ!

ಸಣ್ಣದರ ಮುನ್ನೂರು ಯಂತ್ರಗಳು ವ್ಯಾನು ಹತ್ತಬೇಕಾಗಿದ್ದ ದಿನ ಬೆಳಿಗ್ಗೆ, ಅಡುಗೆಮನೆಯಲ್ಲಿ ಅವಳ ಕೈಯಿಂದ ದೊಡ್ಡ ಸ್ಟೀಲ್ ಮುಚ್ಚಳ ಜಾರಿತು. ಬಿದ್ದು, ಪುಟಿದು, ಗೋಡೆಯ ತನಕ ತಿರುಗುತ್ತಾ ಹೋಯಿತು. ಪಕ್ಕದ ಮನೆಯ ನಾಯಿ ಬೊಗಳಿತು. ಬೆನ್ನು ಹಾಕಿ ಬಟ್ಟೆ ಮಡಿಸುತ್ತಿದ್ದ ಅಕ್ಕ ತಿರುಗಲೂ ಇಲ್ಲ, ಬೆಚ್ಚಲೂ ಇಲ್ಲ. ಯಂತ್ರ ಅವಳ ಕಿವಿಯಲ್ಲೇ ಇತ್ತು.

ಪಾದರಸ ಮುಂದೆ ಹೋಗಿ ನಿಂತು, "ನೋಡಿದ್ಯಾ? ಅಭ್ಯಾಸ ಆಯ್ತು ನಿನಗೆ!" ಅಂದಳು.

"ಏನು?"

"ಮುಚ್ಚಳ ಬಿತ್ತಲ್ಲ! ನೀನು ಬೆಚ್ಚಲಿಲ್ಲ!"

ಅಕ್ಕ ಮುಚ್ಚಳವನ್ನು ನೋಡಿದಳು. ಮಡಿಸಿದ ಬಟ್ಟೆಯನ್ನು ಮತ್ತೆ ಬಿಡಿಸಿ, ಮತ್ತೆ ಮಡಿಸಿದಳು. "ಅಭ್ಯಾಸ ಅಲ್ಲ ಕಣೆ. ಈಗ ಶಬ್ದ ಅಷ್ಟು ಹತ್ತಿರ ಬರ್ತಾ ಇಲ್ಲ. ಮೊದಲೆರಡು ವಾರ ಒಳಗೆ ಬಂದು ಹೊಡೀತಿತ್ತು. ಈಗ ಆಚೆ ಬೀದೀಲಿ ಏನೋ ಆದ ಹಾಗಿರುತ್ತೆ." ಮೊದಲೇ ಹೇಳಬೇಕಾಗಿದ್ದನ್ನು ಸುಮ್ಮನೆ ಹೇಳುವವಳಂತೆ ಸೇರಿಸಿದಳು: "ಆ ಕೂಗು ನನಗೆ ಗೊತ್ತಿರೋದೇ. ಮೂರು ವರ್ಷದ ಹಿಂದೆ ಹೋಲಿಸಿ ನೋಡೋಕೆ ಅಂತ ಒಂದು ದಿನ ದೊಡ್ಡ ಮಾದರಿ ಕೊಟ್ಟಿದ್ರಲ್ಲ, ತಡಕೊಳ್ಳೋಕಾಗದೆ ವಾಪಸ್ ಕೊಟ್ಟೆ. ಅದರದ್ದೇ ಕೂಗು ಇದು. ಸಣ್ಣ ಡಬ್ಬಿಯೊಳಗೆ ದೊಡ್ಡದನ್ನ ಇಟ್ಟಿದೀರ ನೀವು."

ಸಣ್ಣದರೊಳಗೆ ದೊಡ್ಡದು. ದೊಡ್ಡದು ಸಣ್ಣದರೊಳಗೆ ಎಲ್ಲಿಂದ ಹೊಕ್ಕಿತು, ಯಾವ ಮಧ್ಯಾಹ್ನ ಹೊಕ್ಕಿತು, ಯಾರ ಬೆರಳಿನಿಂದ ಹೊಕ್ಕಿತು ಎಂಬುದೆಲ್ಲ ಆ ಕ್ಷಣಕ್ಕೆ ಪಾದರಸದ ಕಣ್ಣಿಗೆ ಕಟ್ಟಿತು. "ಅದನ್ನ ತೆಗೆದಿಡು. ಈಗ್ಲೇ ತೆಗಿ!" ಎಂದು ತಾನೇ ಕೈಹಾಕಿ ಅಕ್ಕನ ಕಿವಿಯಿಂದ ಯಂತ್ರವನ್ನು ಕಿತ್ತು ಮೇಜಿನ ಮೇಲಿಟ್ಟು, ಬಾಗಿಲು ಹಾಕುವುದನ್ನೂ ಮರೆತು ಮೆಟ್ಟಿಲಿಳಿದಳು. ಅವತ್ತು ನಿಲ್ದಾಣದಲ್ಲಿ ನಿಲ್ಲಲೇ ಇಲ್ಲ. ಟೈರ್ ಅಂಗಡಿ, ದರ್ಜಿಗಳ ಸಾಲು, ಅರ್ಧ ಬಾಗಿಲು ತೆಗೆದಿದ್ದ ಕ್ಷೌರದಂಗಡಿ, ಎಲ್ಲವನ್ನೂ ದಾಟಿ ಆಫೀಸಿನ ತನಕ ಅರ್ಧ ನಡೆದು ಅರ್ಧ ಓಡಿದಳು. ಅದಲ್ಲದಿದ್ದರೆ ಸಾಕು, ಅದಲ್ಲದಿದ್ದರೆ ಸಾಕು ಎಂದು ಬಾಯಲ್ಲಿ ಮಣಮಣ ಅನ್ನುತ್ತಲೇ ಇದ್ದಳು.

ಮೂರನೇ ಮಹಡಿಯಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಕೂರದೆ, ನಿಂತೇ ಕೀಲಿಮಣೆ ಎಳೆದುಕೊಂಡಳು. ಯಾವ ಹೆಡರನ್ನು ಎಲ್ಲಿಂದ ತಂದೆ ಎಂದು ಒಂದೊಂದನ್ನೂ ಹೇಳುವಂತೆ ಕಂಪೈಲರಿಗೆ ಹೇಳಿ, ಸಣ್ಣದರ ಬಿಲ್ಡನ್ನು ಮೊದಲಿನಿಂದ ಓಡಿಸಿದಳು. ಪರದೆಯ ಮೇಲೆ ಸಾಲುಗಳು ಸರಸರ ಏರಿದವು. ಅವಳಿಗೆ ಬೇಕಾಗಿದ್ದದ್ದು ಒಂದೇ ಸಾಲು. ಸಿಕ್ಕಿತು. ಮಿತಿ ಹೆಡರು: ದೊಡ್ಡ ಮಾದರಿಯ ಫೋಲ್ಡರಿನಿಂದ. ಸಣ್ಣದರ ಸ್ವಂತ ಮಿತಿ ತನ್ನ ಫೋಲ್ಡರಿನಲ್ಲಿ, ಪಟ್ಟಿಯ ಎರಡನೇ ಸಾಲಿನಲ್ಲಿ, ಯಾರೂ ಕೇಳದೆ ಬಿದ್ದಿತ್ತು. ಕಂಪೈಲರಿನದು ತಪ್ಪೇನೂ ಇಲ್ಲ. ಮೇಲಿದ್ದದ್ದನ್ನು ಎತ್ತಿಕೊಂಡು ಬಂದಿತ್ತು.

ಅವಳು ಕೆಳಗಿಳಿದಾಗ ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಸುತ್ತುತ್ತಿದ್ದರು. ಯಜಮಾನರೂ ಅಳತೆಯವರೂ ಗಾಜಿನ ಕೋಣೆಯ ಹೊರಗೆ ನಿಂತು ಕಾಗದಗಳಿಗೆ ಸಹಿ ಮಾಡುತ್ತಿದ್ದರು.

"ನಿಲ್ಸಿ! ಒಂದೂ ಹೋಗಬಾರದು" ಅಂದಳು. "ಮುನ್ನೂರರಲ್ಲೂ ದೊಡ್ಡದರ ಮಿತಿ ಇದೆ. ನೂರಮೂವತ್ತೆರಡು."

ಅಳತೆಯವರಿಗೆ ನಗು ಬಂತು. "ಮುನ್ನೂರೂ ಪೆಟ್ಟಿಗೆಯೊಳಗೆ ಹೋಗಿ ಬಂದಿದೆ. ಮುನ್ನೂರೂ ಪಾಸು. ನನ್ನ ಪೆಟ್ಟಿಗೆ ಸುಳ್ಳು ಹೇಳಲ್ಲಮ್ಮ."

"ಸುಳ್ಳು ಹೇಳಲ್ಲ ಸರ್. ಮಿತಿ ಎಷ್ಟು ಅಂತ ಅದು ಯಾರನ್ನ ಕೇಳುತ್ತೆ? ನನ್ನ ಬಿಲ್ಡನ್ನೇ ತಾನೇ? ಪೆಟ್ಟಿಗೆಯೊಳಗಿನ ಪರೀಕ್ಷೆಯ ಪ್ರೋಗ್ರಾಮೂ ಅದೇ ಪಟ್ಟಿಯಲ್ಲೇ ಬಿಲ್ಡ್ ಆಗಿರೋದು. ತಪ್ಪು ಮಾಡಿದೋನ ಕೈಯಲ್ಲೇ ಅಳತೆಗೋಲನ್ನೂ ಕೊಟ್ಟಿದೀವಿ. ಬೇರೆ ಮೀಟರ್ ತಗೊಂಡು ಅಳೀರಿ, ಬರೀ ಮೀಟರು."

ಬೀರುವಿನ ಮೂಲೆಯಲ್ಲಿ ಧೂಳು ಹಿಡಿದಿದ್ದ ಕೈಮೀಟರನ್ನು ಅಳತೆಯವರು ಒರೆಸಿ ತಂದರು. ಒಂದು ಯಂತ್ರ ತೆಗೆದು ಹಿಡಿದರು. ಮುಳ್ಳು ನೂರಹನ್ನೆರಡನ್ನು ದಾಟಿ, ನೂರಿಪ್ಪತ್ತನ್ನು ದಾಟಿ, ನೂರಮೂವತ್ತರ ಹತ್ತಿರ ಹೋಗಿ ನಡುಗುತ್ತಾ ನಿಂತಿತು. ಯಜಮಾನರು ಟೇಪು ಸುತ್ತುವವರಿಗೆ ಕೈ ತೋರಿಸಿ ನಿಲ್ಲಿಸಿದರು.

"ಯಾರು ಹಾಕಿದ್ದು ಆ ಸಾಲು?" ಎಂದು ಕೇಳಿದರು.

ಬಿಲ್ಡಿನ ಕಂಪ್ಯೂಟರನ್ನು ನಾಲ್ವರು ಒಂದೇ ಪಾಸ್‌ವರ್ಡಿನಲ್ಲಿ ಬಳಸುತ್ತಿದ್ದರು. ಅವರಲ್ಲೊಬ್ಬ ಹೋದ ತಿಂಗಳು ತಾನೇ ಕೆಲಸ ಬಿಟ್ಟು ದೂರ ಹೋಗಿದ್ದ. ಅವನ ಹೆಸರು ಪಾದರಸದ ನಾಲಗೆಯ ತುದಿಯವರೆಗೂ ಬಂತು ಎಂಬುದನ್ನು ಮುಚ್ಚಿಟ್ಟು ಏನು ಪ್ರಯೋಜನ? ಬಂತು, ಒಂದು ಉಸಿರಿನಷ್ಟು ಹೊತ್ತು ಅಲ್ಲಿ ನಿಂತಿತು, ವಾಪಸ್ ಹೋಯಿತು.

"ನಾನೇ ಸರ್. ಕೊಳ್ಳೋರು ಬಂದಿದ್ದ ದಿನ. ನೀವು ಹಿಂದೆ ನಿಂತಿದ್ರಿ. ಸಂಜೆ ಸರಿಮಾಡ್ತೀನಿ ಅಂದ್ಕೊಂಡೆ, ಮರೆತೆ. ಅಕ್ಕ ಮೂರು ಸಲ ಬರೆದಳು. ಮೂರು ಸಲವೂ ಇಲ್ಲ ಅಂತ ಸಹಿ ಹಾಕಿದ್ದೂ ನಾನೇ."

ಯಜಮಾನರು ಬಯ್ದಿದ್ದರೆ ಅವಳಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. "ಮೊದಲು ಸರಿಮಾಡು" ಅಂದರು. "ಅಕ್ಕನ್ನ ಕರ್ಕೊಂಡು ಬಾ" ಎನ್ನಲು ಬಾಯಿ ತೆಗೆದವರು ಗಾಜಿನ ಕಡೆ ನೋಡಿ ಸುಮ್ಮನಾದರು. ಅಕ್ಕ ಮುಂದಿನ ಬಸ್ಸು ಹಿಡಿದು ಆಗಲೇ ಬಂದುಬಿಟ್ಟಿದ್ದಳು. ಅಳತೆ ಕೋಣೆಯ ಒಳಗೆ, ತನ್ನ ಸ್ಟೂಲಿನ ಮೇಲೆ, ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು.

ಪಾದರಸ ಒಳಗೆ ಹೋಗಲಿಲ್ಲ. ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಮೇಲಕ್ಕೆ ಹೋದಳು. ದೊಡ್ಡದರ ಸಾಲನ್ನು ಪಟ್ಟಿಯಿಂದಲೇ ಕಿತ್ತುಹಾಕಿದಳು, ಬ್ಯಾಟರಿಯ ಹೆಡರನ್ನು ಎರಡು ಮಾದರಿಗೂ ಸೇರಿದ ಫೋಲ್ಡರಿಗೆ ಸಾಗಿಸಿದಳು, ಎರಡು ಮಿತಿ ಹೆಡರುಗಳಿಗೂ ಬೇರೆ ಬೇರೆ ಹೆಸರಿಟ್ಟಳು. ಐದು ವರ್ಷದಿಂದ ಮಾಡಬೇಕಾಗಿದ್ದ ಕೆಲಸ ನಲವತ್ತು ನಿಮಿಷದಲ್ಲಿ ಮುಗಿಯಿತು. ಅಷ್ಟು ಸುಲಭವಾಗಿತ್ತು ಎಂಬುದೇ ಅವಳ ಹೊಟ್ಟೆ ಉರಿಸಿತು. ಹೊಸ ಪ್ರೋಗ್ರಾಂ ತುಂಬಿ ಅವಳು ಕೆಳಗೆ ತಂದ ಯಂತ್ರವನ್ನು ಅಳತೆಯವರು ಕೈಮೀಟರಿನಲ್ಲಿ ಎರಡು ಸಲ ಅಳೆದರು. ನೂರಹನ್ನೊಂದು. ಮೊದಲ ಬಾರಿಗೆ ಅವರು ಪೆಟ್ಟಿಗೆಯ ಕಡೆ ನೋಡದೆ ಅಕ್ಕನ ಕಡೆ ನೋಡಿದರು.

ಅಕ್ಕ ಯಂತ್ರವನ್ನು ಎಡಗಿವಿಗೆ ಸಿಕ್ಕಿಸಿಕೊಂಡು, ತಲೆ ಸ್ವಲ್ಪ ವಾಲಿಸಿ ಕೂತಳು.

"ಹೇಗಿದೆಯಮ್ಮ?" ಎಂದರು ಅಳತೆಯವರು.

"ಸರಿಯಾಗಿದೆ. ಹಿತವಾಗಿದೆ" ಅಂದಳು ಅಕ್ಕ.

ಯಜಮಾನರು ಉಸಿರು ಬಿಟ್ಟರು. ಸದ್ಯ, ಒಂದು ವಾರ ತಡವಾದರೂ ಮರ್ಯಾದೆ ಉಳಿಯಿತು ಎಂದು ಅಳತೆಯವರಿಗೆ ಹೇಳುತ್ತಾ, ಅವರನ್ನೂ ಕರೆದುಕೊಂಡು, ಆಗಲೇ ವ್ಯಾನಿನ ಹತ್ತಿರ ಇಳಿಸಿದ್ದ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿಸಲು ಕೆಳಗೆ ಹೋದರು. ಕೋಣೆಯಲ್ಲಿ ಅಕ್ಕತಂಗಿಯರಿಬ್ಬರೇ ಉಳಿದರು.

ಸರಿಯಾಗಿದೆ ಎಂಬ ಮಾತನ್ನು ನಂಬಬೇಕೆಂದು ಪಾದರಸಕ್ಕೆ ಎಷ್ಟು ಆಸೆಯಾಯಿತು ಎಂದರೆ, ನಂಬಿಬಿಟ್ಟು ಅಲ್ಲೇ ನೆಲದ ಮೇಲೆ ಕಾಲು ಚಾಚಿಬಿಡೋಣ ಅನ್ನಿಸಿತು. ಆದರೆ ಅಳತೆಯವರು ಪ್ರಶ್ನೆ ಕೇಳುವಾಗ ಅಕ್ಕನ ಕಣ್ಣು ಅವರ ತುಟಿಯನ್ನು ಬಿಟ್ಟು ಕದಲಿರಲಿಲ್ಲ. ಪಾದರಸ ಮೇಜಿನ ಮೇಲಿದ್ದ ಅಳತೆಯ ಕಾಗದವನ್ನು ಎತ್ತಿ, ತನ್ನ ಬಾಯಿಗೆ ಅಡ್ಡ ಹಿಡಿದಳು.

"ಅಕ್ಕ, ಆ ಸಾಲು ಹಾಕಿದ್ದು ನಾನು."

ಅಕ್ಕ ಕಾಗದವನ್ನು ನೋಡಿದಳು.

"ನಿನ್ನ ಕಿವಿ ಹಾಳು ಮಾಡಿದ್ದು ನಾನು, ಅಕ್ಕ!"

ಎಷ್ಟು ಜೋರಾಗಿ ಕೂಗಿದಳೆಂದರೆ ಗಾಜಿನಾಚೆ ಟೇಪು ಬಿಚ್ಚುತ್ತಿದ್ದ ಹೆಂಗಸೊಬ್ಬಳು ಕತ್ತೆತ್ತಿ ನೋಡಿದಳು. ಅಕ್ಕ ಮುಗುಳ್ನಕ್ಕು, "ಏನು ಓದ್ತಿದೀಯ ಅದರಲ್ಲಿ ಅಷ್ಟು ಹೊತ್ತು?" ಅಂದಳು.

ಪಾದರಸ ಕಾಗದ ಕೆಳಗಿಟ್ಟಳು. ಯಜಮಾನರೆದುರು ಹೇಳಿದ್ದನ್ನೇ ಮತ್ತೆ ಹೇಳಿದಳು, ತುಟಿ ಬಿಡಿಸಿ, ಒಂದೊಂದಾಗಿ, ಮೊದಲಿನಿಂದ ಕೊನೆಯವರೆಗೆ. ಅಕ್ಕ ಪೂರ್ತಿ ಓದಿಕೊಂಡಳು.

"ಗೊತ್ತು. ಯಜಮಾನರ ಹತ್ರ ಹೇಳಿದ್ಯಲ್ಲ, ಗಾಜಿನ ಈಚೆಯಿಂದ ನೋಡಿದೆ."

"ಮತ್ತೆ ಯಾಕೆ ಸರಿಯಾಗಿದೆ ಅಂದೆ?"

"ಅವರಿಬ್ಬರೂ ಇದ್ರಲ್ಲ. ಕೇಳಿಸ್ತಿಲ್ಲ ಅಂದಿದ್ರೆ ನಿನ್ನನ್ನ ಸುಮ್ಮನೆ ಬಿಡ್ತಿದ್ರಾ?" ಅಕ್ಕ ಯಂತ್ರವನ್ನು ತೆಗೆದು ಅಂಗೈಯಲ್ಲಿ ಹಿಡಿದು ನೋಡಿದಳು. "ಯಂತ್ರ ಸರಿಯಾಗೇ ಇರಬೇಕು. ಬೇರೆಯವರ ಮಾತು ನನಗೆ ಮೊದಲೂ ಅಷ್ಟಕ್ಕಷ್ಟೇ. ನಿನ್ನ ದನಿ ಒಂದು ಚೆನ್ನಾಗಿ ಕೇಳ್ತಿತ್ತು."

ಪಾದರಸಕ್ಕೆ ಅಳು ಉಕ್ಕಿ ಬಂತು. ಅಕ್ಕನಿಗೆ ಕಾಣಬಾರದೆಂದು ಗೋಡೆಯ ಕಡೆ ತಿರುಗಿದಳು. ಅಕ್ಕ ಎದ್ದು ಬಂದು, ಚಿಕ್ಕಂದಿನಲ್ಲಿ ತಲೆ ಬಾಚುವಾಗ ಹಿಡಿಯುತ್ತಿದ್ದ ಹಾಗೆ ಅವಳ ಗಲ್ಲ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

"ಆ ಕಡೆ ತಿರುಗ್ಬೇಡ ಕಣೆ. ಇನ್ಮೇಲೆ ಏನು ಹೇಳೋದಿದ್ರೂ ಈ ಕಡೆ ನೋಡ್ಕೊಂಡೇ ಹೇಳ್ಬೇಕು ನೀನು. ಅಳೋದಾದ್ರೂ ಈ ಕಡೆ."